ಒಬ್ಬರೇ ಬರಬಾರದ ಕುಣಿತ

ಅಪ್ಪಾ,

ಒಂದಾನೊಂದು ಬೀದಿಯಲ್ಲಿ ಒಬ್ಬ ಮಗಳಿದ್ದಳು. ನಿನ್ನ ಮಾತಿನಲ್ಲೇ ಹೇಳುವುದಾದರೆ, ಅಜ್ಜಿಯ ಕಥೆ ಕೇಳಿ ಕೇಳಿ ತಲೆ ಕೆಟ್ಟವಳು. ಮಕ್ಕಳು ಮುದುಕರೆಲ್ಲ ಸೇರಿ ಕುಣಿಯಲೆಂದು ಅವಳು ಭಾನುವಾರದ ಸಂಜೆಗಳಿಗೆ ಶಾಲೆಯ ಹಾಲ್ ಅನ್ನು ಕಾಡಿಬೇಡಿ ಪಡೆದಳು. ಒಂದೇ ಕಟ್ಟಳೆ: ಯಾರೂ ಒಬ್ಬರೇ ಬರುವಂತಿಲ್ಲ, ಮನೆಯವರೊಬ್ಬರನ್ನು ಕರೆತರಬೇಕು.

ಊಟ ಒಲೆಯ ಮೇಲಿದೆ. ಬಿಸಿ ಮಾಡಿಕೋ, ತಣ್ಣಗೇ ತಿನ್ನಬೇಡ.

ಮೊದಲ ವಾರ ಹಾಲ್ ತುಂಬಿತ್ತು. ಕ್ಷೌರದವನ ತಾಯಿ ಕುರ್ಚಿಯಲ್ಲಿ ಕುಳಿತೇ ಕೈ ಕುಣಿಸಿದಳು. "ನಿಮ್ಮನೆಯಿಂದ ಯಾರಮ್ಮ ಬಂದಿರೋದು?" ಎಂದು ಕೇಳಿದಳು.

"ಅಪ್ಪ ದಾರೀಲಿದ್ದಾರೆ ಅಜ್ಜಿ" ಎಂದು ಮಗಳು ಬಾಗಿಲಲ್ಲೇ ನಿಂತಳು. ಅವಳದೇ ಕಟ್ಟಳೆಯಂತೆ ಅವಳಿಗೇ ಒಳಗೆ ಜಾಗವಿರಲಿಲ್ಲ.

ಆಮೇಲೆ ವಾರವಾರವೂ ಜನ ಕರಗಿದರು. ಕಳೆದ ಭಾನುವಾರ ಆ ಅಜ್ಜಿ ಮತ್ತು ಅವಳ ಮಗ ಇಬ್ಬರೇ ಬಂದದ್ದು. "ನಿಮ್ಮಪ್ಪನ ದಾರಿ ತುಂಬಾ ಉದ್ದ ಕಣಮ್ಮ. ಇನ್ಮೇಲೆ ನಮ್ಮನ್ನೂ ಕಾಯ್ಬೇಡ" ಎಂದು ಹೇಳಿ ಹೋದಳು.

ಅಮ್ಮ ಹೋದ ಮೇಲೆ ನೀನು ಹೊಸ್ತಿಲು ದಾಟಿಲ್ಲ. "ಚಪ್ಪಲಿ ಕಿತ್ತಿದೆ, ಹೊಲಿದುಕೊಡು, ಬರ್ತೀನಿ" ಅಂದೆ. ಮಗಳು ಆಗಲಿ ಅಂದವಳು ನಾಳೆ, ನಾಳಿದ್ದು ಎಂದು ತಳ್ಳುತ್ತ ಬಂದಳು. ಹೊಲಿದ ಮೇಲೂ ನೀನು ಬರದೆ ಹೋದರೆ ಎಂಬ ಭಯ ಅವಳಿಗೆ.

ಇವತ್ತೇ ಕೊನೆ. ಬಾಗಿಲು ತೆರೆದು, ಒಂದಷ್ಟು ಹೊತ್ತು ಹಾಡು ಹಾಕಿ, ಬೀಗದ ಕೈ ಹಿಂತಿರುಗಿಸಿ ಬರುತ್ತಾಳೆ. ಯಾರೂ ಬರುವುದಿಲ್ಲವೆಂದು ಅವಳಿಗೆ ಗೊತ್ತು. ನಿನ್ನ ದಾರಿಯನ್ನೂ ನೋಡುವುದಿಲ್ಲ.

ಕನ್ನಡಕ ರೇಡಿಯೋ ಮೇಲಿದೆ. ಚಪ್ಪಲಿ ಬಾಗಿಲ ಹತ್ತಿರವಿದೆ. ಬಾರು ಹೊಲಿದಾಗಿದೆ.