ಅವ್ವನ ನಕ್ಷೆಯಲ್ಲಿ

11 ನವೆಂಬರ್ 2025, ಮಂಗಳವಾರ

ಹೊಸ ಫೋನು ತಂದೆ. ನನಗೆ ಬೇಕಿದ್ದದ್ದು ಇದಲ್ಲ.

ಕ್ಯಾಂಪ್ ಪೇಟೆಯ ಅಂಗಡಿಯವನು ಎರಡು ಫೋನು ಮುಂದಿಟ್ಟಿದ್ದ. ಒಂದು ನಮ್ಮ ಮಾಹಿತಿಯನ್ನು ಯಾರಿಗೂ ಬಿಟ್ಟುಕೊಡುವುದಿಲ್ಲವಂತೆ, ಆದರೆ ಸಂಜೆಯೊಳಗೆ ಚಾರ್ಜ್ ಮುಗಿಯುತ್ತದೆ. ಇನ್ನೊಂದು ಎರಡು ದಿನ ಬರುತ್ತದೆ, ಆದರೆ ಹೋದದ್ದು ಬಂದದ್ದು ಎಲ್ಲ ನೆನಪಿಟ್ಟುಕೊಳ್ಳುತ್ತದೆ. ನಾನು ಮೊದಲನೆಯದನ್ನೇ ಹಿಡಿದು ನಿಂತಿದ್ದೆ. ನಾನು ಎಲ್ಲಿ ಚಹಾ ಕುಡಿದೆ, ಯಾರ ಜೊತೆ ಕುಡಿದೆ ಎನ್ನುವುದು ಯಾರಿಗೆ ಯಾಕೆ ಗೊತ್ತಾಗಬೇಕು?

ಅವ್ವ ನನ್ನ ಕೈಯಲ್ಲಿದ್ದದ್ದನ್ನು ನೋಡಿ, "ಇದರ ಜೀವ ಎಷ್ಟೊತ್ತು ಇರ್ತದ, ಅವರಿಗೆ ಮರಾಠಿಯೊಳಗ ಕೇಳವ್ವಾ" ಅಂದಳು.

ಬ್ಯಾಟರಿ ಅನ್ನಲಿಲ್ಲ, ಜೀವ ಅಂದಳು. ನಾನು ಕೇಳಲೇ ಇಲ್ಲ. ಎರಡನೆಯದನ್ನು ಕೊಂಡೆ.

ಹೋದ ವರ್ಷ ನನ್ನ ಒಡಹುಟ್ಟಿದ ದತ್ತಣ್ಣ ಜೇಜುರಿಯಿಂದ ಬೈಕಿನಲ್ಲಿ ಬರುವಾಗ ಅವನ ಫೋನು ದಾರಿಯ ಸಾಸವಡದಲ್ಲೇ ಚಾರ್ಜ್ ಮುಗಿದು ಸತ್ತಿತ್ತು. ಅವ್ವನ ಫೋನಿನ ನಕ್ಷೆಯಲ್ಲಿ ಅವನ ಚುಕ್ಕೆ ಅಲ್ಲೇ ನಿಂತಿತು. ರಾತ್ರಿಯಿಡೀ ಅಲ್ಲೇ ಹುಡುಕಿದೆವು. ಅವನು ಬಿದ್ದದ್ದು ಇನ್ನೂ ಮುಂದೆ, ಘಾಟಿನಲ್ಲಿ. ಬೆಳಗಿನ ತನಕ ಉಸಿರು ಇತ್ತು ಎಂದರು ಡಾಕ್ಟರು.

ಊಟವಾದ ಮೇಲೆ ನನ್ನ ಲೊಕೇಶನ್ ಅವ್ವನ ಫೋನಿಗೆ ಕಾಣುವಂತೆ ಮಾಡಿಕೊಟ್ಟೆ. ಅವಳು ಬಹಳ ಹೊತ್ತು ನೋಡಿದಳು.

"ಈಗ ಇಬ್ಬರೂ ಮನ್ಯಾಗ ಅದೀರಿ."

ಇಣುಕಿದೆ. ನಮ್ಮ ಮನೆಯ ಮೇಲೆ ಎರಡು ಚುಕ್ಕೆಗಳಿದ್ದವು. ಒಂದು ನನ್ನದು.

ಅವಳು ಮಲಗಿದ ಮೇಲೆ ಕಪಾಟು ತೆಗೆದೆ. ಚಾರ್ಜರಿನ ವೈರು ಅಣ್ಣನ ಅಂಗಿಗಳ ಕೆಳಗೆ ಹೋಗಿತ್ತು. ಕೈಹಾಕಿ ಅವನ ಫೋನು ಮುಟ್ಟಿದೆ. ಬೆಚ್ಚಗಿತ್ತು.

ಅದರ ಮೇಲಿನ ಅಂಗಿಯೂ ಬೆಚ್ಚಗಿತ್ತು.