ಈದ್ ಬಟ್ಟೆಗೆ ಬುಕಿಂಗ್ ಮುಗಿದಿದೆ

ಅಂಗಡಿಯಿಂದ,
ಹದಿನೆಂಟನೇ ರೋಜಾ, ಇಳಿಹೊತ್ತಿನ ಅಸರ್ ನಮಾಜಿನ ನಂತರ

ಪ್ರೀತಿಯ ಅಣ್ಣಾ,

ಸಲಾಂ. ಹೋದ ವರ್ಷ ಮೊದಲನೇ ರೋಜಾದ ಸಂಜೆ, ಮನೆಯವರೆಲ್ಲ ಇಫ್ತಾರಿಗೆಂದು ನೆಲಕ್ಕೆ ಹಾಸಿದ ದಸ್ತರ್ಖಾನಿನ ಸುತ್ತ ಕೂತಿದ್ದಾಗ, ಸ್ಪೀಕರ್ ಹಾಕಿ ನಡುವೆ ಇಟ್ಟಿದ್ದ ಫೋನಿನೊಳಗಿಂದ ನೀನು ನನಗೊಂದು ಅನ್ಯಾಯ ಮಾಡಿದೆ. ಅದರ ವಿಚಾರಣೆ ಈ ಪತ್ರದಲ್ಲಿ ನಡೆಯಲಿದೆ. ಅದಕ್ಕೆ ಮುಂಚೆ, ಹೇಗಿದ್ದೀಯ? ಬೆನ್ನು ನೋವು ಕಡಿಮೆಯಾಯಿತೇ? ಅತ್ತಿಗೆ ಚೆನ್ನಾಗಿದ್ದಾರೆಯೇ? ದೊಡ್ಡವಳು ಈ ಸಲ ಪೂರ್ತಿ ರೋಜಾ ಹಿಡಿಯುತ್ತಿದ್ದಾಳಂತೆ, ಚಿಕ್ಕವನು ದಿನಕ್ಕೆ ಎರಡು ಅರ್ಧ ರೋಜಾ ಹಿಡಿದು ನಡುವೆ ಹೊಟ್ಟೆ ತುಂಬ ಉಣ್ಣುತ್ತಾನಂತೆ. ಅಮ್ಮ ಇದನ್ನು ಬೀದಿಗೆಲ್ಲ ಹೇಳಿ ಆಗಿದೆ. ಅಮ್ಮ ಆರೋಗ್ಯವಾಗಿದ್ದಾರೆ. ಮಂಡಿ ಅವರ ಮಾತು ಕೇಳುವುದಿಲ್ಲ, ಅವರು ಮಂಡಿಯ ಮಾತು ಕೇಳುವುದಿಲ್ಲ, ಹಾಗಾಗಿ ಇಬ್ಬರಿಗೂ ಸರಿಹೋಗಿದೆ. ನಮ್ಮ ಮನೆಯವರಿಗೆ ಈ ತಿಂಗಳು ಸಂಜೆ ಪಾಳಿಯ ಬಸ್ಸು. ಅಜಾನ್ ಕೇಳಿಸುವ ಹೊತ್ತಿಗೆ ಎಲ್ಲೋ ಸಿಗ್ನಲ್ಲಿನಲ್ಲಿ ನಿಂತಿರುತ್ತಾರೆ. ಮೊನ್ನೆ ಹಿಂದಿನ ಸೀಟಿನ ಅಜ್ಜಿಯೊಬ್ಬರು ಎದ್ದು ಬಂದು, "ಹಸಿರು ದೀಪ ಬಂದ್ರೆ ಬರ್ಲಿ, ನೀನು ಮೊದಲು ನೀರು ಕುಡಿಯಪ್ಪ" ಎಂದರಂತೆ. ಬಸ್ಸಿಗೆ ಬಸ್ಸೇ ಕಾಯಿತಂತೆ. ಮನೆಗೆ ಬಂದು ಅದನ್ನು ಹೇಳುವಾಗ ಅವರ ಮುಖ ನೋಡಬೇಕಿತ್ತು.

ಫೋನ್ ಇರುವಾಗ ಕಾಗದ ಯಾಕೆ ಎಂದು ನೀನು ಕೇಳುತ್ತೀಯ. ಫೋನಿನಲ್ಲಿ ನೀನು ನನ್ನ ಮಾತನ್ನು ಮಧ್ಯದಲ್ಲೇ ಕತ್ತರಿಸುತ್ತೀಯ. ಈ ಮನೆಯಲ್ಲಿ ಕತ್ತರಿ ಹಿಡಿಯುವ ಕೆಲಸ ನನ್ನದು.

ಇನ್ನು ವಿಚಾರಣೆ. ನೀನು ಅಂದು ಹೇಳಿದ ಮಾತು ಇಷ್ಟು: "ಅವಳಿಗೆಲ್ಲಿಯ ರಂಜಾನ್ ಅಮ್ಮಾ? ಟೇಲರಿಗೆ ರಂಜಾನ್ ಇರಲ್ಲ, ಸೀಸನ್ ಇರತ್ತೆ." ಎಲ್ಲರೂ ನಕ್ಕರು. ಚಿಕ್ಕಪ್ಪನಿಗಂತೂ ಖರ್ಜೂರ ನೆತ್ತಿಗೇರಿ ಬೆನ್ನು ತಟ್ಟಬೇಕಾಯಿತು. ನಾನೂ ನಕ್ಕೆ. ಆಮೇಲೆ ನೀರು ತರುತ್ತೇನೆಂದು ಒಳಗೆ ಹೋಗಿ, ತುಂಬಿದ ಹೂಜಿಗೆ ಬಹಳ ಹೊತ್ತು ನೀರು ತುಂಬಿಸುತ್ತಾ ನಿಂತಿದ್ದೆ. ಇದು ನಿನಗೆ ಫೋನಿನಲ್ಲಿ ಕಾಣಲಿಲ್ಲ. ಸ್ಪೀಕರಿನಿಂದ ಧ್ವನಿ ಹೊರಗೆ ಬರುತ್ತದೆ, ಮುಖಗಳು ಒಳಗೆ ಹೋಗುವುದಿಲ್ಲ.

ಅಷ್ಟಕ್ಕೇ ನಿಲ್ಲಿಸಿದ್ದರೆ ಮರೆಯುತ್ತಿದ್ದೆನೋ ಏನೋ. ಮರೆಯುತ್ತಿರಲಿಲ್ಲ, ಇರಲಿ. ಆದರೆ ಮರುದಿನದಿಂದ ನಿನ್ನ ಉಪದೇಶಗಳು ಶುರುವಾದವು. ನಿನ್ನ ಗೋದಾಮಿನಲ್ಲಿ ರಂಜಾನ್ ತಿಂಗಳು ಮಧ್ಯಾಹ್ನಕ್ಕೇ ಶಟರ್ ಎಳೆಯುತ್ತಾರೆ, ಸೂಪರ್‌ವೈಸರ್ ಸಾಹೇಬನಾದ ನಿನಗೆ ಕೈತುಂಬ ಹೊತ್ತು. ಬಿಡುವಿಲ್ಲದವರು ರಂಜಾನಿನ ಪೂರ್ತಿ ಪುಣ್ಯ ಪಡೆಯುವುದು ಹೇಗೆ ಎಂಬ ಆಡಿಯೋಗಳನ್ನು ಬಿಡುವಿದ್ದವನು ಕೂತು ಕಳಿಸಿದೆ. ಮಧ್ಯಾಹ್ನ ಸ್ವಲ್ಪ ಮಲಗಿ. ಕೊನೆಯ ಹತ್ತು ದಿನ ರಜೆ ಹಾಕಿ. ಈದ್ ಖರೀದಿಯನ್ನು ಮೊದಲೇ ಮುಗಿಸಿ. ಬಹಳ ಒಳ್ಳೆಯ ಮಾತುಗಳು. ನಾನು ಗುಂಡಿಗಳಿಗೆ ಕಾಜ ಹಾಕುತ್ತಾ ಎಲ್ಲವನ್ನೂ ಕೇಳಿದೆ. ಅದರ ಬೆನ್ನಿಗೇ, ಕೊನೆಯ ಹತ್ತು ದಿನಗಳು ಶುರುವಾಗುವ ಹೊತ್ತಿಗೆ, ಒಂದು ಪಾರ್ಸೆಲ್ ಬಂತು. ಒಳಗೆ ನಿಮ್ಮ ನಾಲ್ವರ ಈದ್ ಬಟ್ಟೆ, ಮೇಲೊಂದು ಚೀಟಿ: ಅರ್ಜೆಂಟ್. ಅಣ್ಣಾ, ಸೀಸನ್ ಅನ್ನುವುದು ಆಕಾಶದಿಂದ ಇಳಿದು ಬರುವುದಿಲ್ಲ, ನಿನ್ನಂಥವರ ಪಾರ್ಸೆಲ್ಲಿನಲ್ಲಿ ಬರುತ್ತದೆ.

ನನ್ನ ನೆನಪಿನ ಕಥೆ ನಿನಗೆ ಗೊತ್ತು. ಅಬ್ಬ ಹಳೆಯ ಪೇಪರ್ ಹಾಸಿ, ಅದರ ಮೇಲೆ ಅಳತೆಯ ಗೆರೆ ಎಳೆದು ಕತ್ತರಿಸುತ್ತಿದ್ದರಲ್ಲ, ಕತ್ತರಿ ಬೀಳುವ ಮುಂಚೆ ಓದಿ ಮುಗಿಸಬೇಕೆಂದು ನಾನು ಉಸಿರು ಬಿಗಿಹಿಡಿದು ಓದುತ್ತಿದ್ದೆ. ಎಷ್ಟೋ ಸಂಪಾದಕೀಯಗಳನ್ನು ಕಂಕುಳಿನವರೆಗೆ ಮಾತ್ರ ಓದಿದ್ದೇನೆ. ಎಷ್ಟೋ ಸರ್ಕಾರಗಳು ನನ್ನ ಪಾಲಿಗೆ ಕಾಲರಿನ ಹತ್ತಿರ ಬಿದ್ದುಹೋಗಿವೆ. ಹಾಗೆ ಓದಿ ಬೆಳೆದವಳಿಗೆ ಅರ್ಧಕ್ಕೆ ನಿಂತ ಯಾವ ವಿಚಾರವನ್ನೂ ಸಹಿಸಲಾಗುವುದಿಲ್ಲ. ನಮ್ಮ ಬೀದಿಯ ದೀಪದ ಬಗ್ಗೆ ಪತ್ರಿಕೆಗೆ ಬರೆದೂ ಬರೆದೂ ಕೊನೆಗೆ ಅಧಿಕಾರಿಗಳು ಅದೇ ಪತ್ರಿಕೆಯಲ್ಲಿ, ಎಲ್ಲರೂ ಓದುವ ಹಾಗೆ, ಉತ್ತರ ಕೊಟ್ಟರು. ದೀಪವೂ ಬಂತು. ಈಗ ಅದರ ಬೆಳಕಿನಲ್ಲಿ ಹೆಂಗಸರು ರಾತ್ರಿಯ ತರಾವೀಹ್ ನಮಾಜಿಗೆ ಹೋಗುತ್ತಾರೆ. ಆ ಹೆಂಗಸರಲ್ಲಿ ಈ ಸಲ ನಾನೂ ಇದ್ದೇನೆ. ಹೇಗೆ ಎಂದು ಮುಂದೆ ಹೇಳುತ್ತೇನೆ, ಕಾದಿರು.

ಈ ನೆನಪಿನ ಪೆಟ್ಟಿಗೆಯಲ್ಲಿ ನಿನ್ನ ತೋಳೂ ಇದೆ. ಅಬ್ಬ ಇದ್ದಾಗ ಇಡೀ ಬೀದಿಗೆ ಹೊಸ ಬಟ್ಟೆ ಹೊಲಿದು, ಈದ್ ಬೆಳಿಗ್ಗೆ ನಾವು ಮಾತ್ರ ಹಳೆಯದನ್ನು ಇಸ್ತ್ರಿ ಮಾಡಿ ಹಾಕಿಕೊಳ್ಳುತ್ತಿದ್ದೆವು. ಒಂದು ವರ್ಷ ನೀನು ಹಟ ಹಿಡಿದು ನಿನ್ನ ಕುರ್ತಾ ನೀನೇ ಕತ್ತರಿಸಿದೆ. ಹೊತ್ತು ಸಾಲದೆ ತೋಳುಗಳನ್ನು ಬರೀ ಕಚ್ಚಾ ಹೊಲಿಗೆಯಲ್ಲಿ ನಿಲ್ಲಿಸಿ, ಯಾರಿಗೂ ಹೇಳದೆ ಈದ್ ನಮಾಜಿಗೆ ಓಡಿದೆ. ಸಜ್ದಾಕ್ಕೆ ಬಾಗಿ ಕೈ ಮುಂದೆ ಚಾಚಿದಾಗ ಬಲತೋಳು ಕಳಚಿಕೊಂಡು ಮುಂದಿನ ಸಾಲಿಗೆ ಹೋಯಿತು. ನಮಾಜ್ ಮುಗಿದ ಮೇಲೆ ಮುಂದಿನ ಸಾಲಿನ ಮೇಷ್ಟ್ರು ಹಿಂದೆ ತಿರುಗಿ, ಬಹಳ ಗಂಭೀರವಾಗಿ, "ತಗೋಪ್ಪ, ನಿನ್ನ ಕೈ" ಎಂದು ಕೊಟ್ಟರು. ಅಬ್ಬ ಅದನ್ನು ಹೇಳಿ ಹೇಳಿ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಬೀದಿಯಲ್ಲಿ ನಿನ್ನನ್ನು ಇವತ್ತಿಗೂ ಒಂಟಿತೋಳು ಎಂದೇ ಕೇಳುತ್ತಾರೆ. ನಾನು ತಿದ್ದಲು ಹೋಗಿಲ್ಲ.

ನ್ಯಾಯವಾಗಿ ನಡೆಯಬೇಕಾದ ವಿಚಾರಣೆಯಾದ್ದರಿಂದ ಒಂದು ಮಾತು ನಿನ್ನ ಪರವಾಗಿಯೂ ಬರೆಯುತ್ತೇನೆ. ನಿನ್ನ ಮಾತು ನನಗೆ ಅಷ್ಟು ನಾಟಿದ್ದು ಅದರಲ್ಲಿ ಒಂದೆಳೆ ನಿಜ ಇದ್ದುದರಿಂದ. ಅಬ್ಬ ಹೋದ ಮೇಲೆ ಅಂಗಡಿ ನನ್ನ ಕೈಗೆ ಬಂದಂದಿನಿಂದ ರಂಜಾನ್ ಬಂದದ್ದೂ ಹೋದದ್ದೂ ನನಗೆ ಮಿಷನ್ನಿನ ಸದ್ದಿನಲ್ಲೇ. ಇಫ್ತಾರಿಗೆ ಬಾಯಲ್ಲಿ ಖರ್ಜೂರ, ಹಲ್ಲಿನಲ್ಲಿ ದಾರ. ಅಬ್ಬನೂ ದುಡಿಯುತ್ತಿದ್ದರು, ಆದರೆ ಅವರ ರಂಜಾನ್ ಕಳೆದುಹೋಗುತ್ತಿರಲಿಲ್ಲ. ನಿನಗೆ ನೆನಪಿದೆಯೇ, ಬಾಬಿನ್ನಿನ ದಾರ ಮುಗಿದಾಗಲೆಲ್ಲ ನಾವಾದರೆ ಗೊಣಗುತ್ತೇವೆ, ಅವರು ಮಿಷನ್ ನಿಲ್ಲಿಸಿ, ಹೊಸ ದಾರ ಸುತ್ತುತ್ತಾ ಮೆಲ್ಲಗೆ ದರೂದ್ ಹೇಳುತ್ತಿದ್ದರು. ದಾರ ತುಂಬುವವರೆಗೂ ಪ್ರವಾದಿಯವರಿಗೆ ಸಲಾಂ. "ದಾರ ಮುಗಿದದ್ದಲ್ಲ ಮಗಾ, ನಮ್ಮನ್ನ ಕರೆದದ್ದು" ಎನ್ನುತ್ತಿದ್ದರು. ಗಿರಾಕಿಗಳು ಬಾಗಿಲಲ್ಲಿ ಕೂಗಾಡುತ್ತಿದ್ದರೂ ಅಷ್ಟು ಹೊತ್ತು ಅವರು ಅಂಗಡಿಯಲ್ಲಿ ಇರುತ್ತಿರಲಿಲ್ಲ.

ಆದ್ದರಿಂದ ಈ ವರ್ಷ ನಾನೊಂದು ಕೆಲಸ ಮಾಡಿದೆ. ರಂಜಾನಿನ ಚಂದ್ರ ಕಂಡ ಮರುದಿನ ಬೆಳಿಗ್ಗೆ ಬಾಗಿಲಿಗೆ ಬೋರ್ಡು ತೂಗುಹಾಕಿದೆ: ಈದ್ ಬಟ್ಟೆಗೆ ಬುಕಿಂಗ್ ಮುಗಿದಿದೆ. ಅದಕ್ಕೆ ಮುಂಚಿನ ಶಾಬಾನ್ ತಿಂಗಳಿಡೀ ಎಲ್ಲರಿಗೂ ಹೇಳಿದ್ದೆ. ಯಾರೂ ನಂಬಿರಲಿಲ್ಲ, ಯಾಕೆಂದರೆ ಟೇಲರಿನ ಮಾತನ್ನು ನಂಬಿದ ಗಿರಾಕಿ ಇನ್ನೂ ಹುಟ್ಟಿಲ್ಲ. ಬೋರ್ಡು ನೋಡಿ ಬ್ಯಾಂಕಿನ ಮೇಡಂ, "ನಾನು ಎಲ್ಲರ ಥರಾನಾ?" ಎಂದು ಮುನಿಸಿಕೊಂಡು ಹೋದರು. ಚಿಕ್ಕಪ್ಪ ಬಂದು, "ಇದು ಹೊರಗಿನವರಿಗೆ ತಾನೆ?" ಎಂದು ನಕ್ಕು, ಆಮೇಲೆ ನಗು ನಿಲ್ಲಿಸಿದರು. ಅಮ್ಮ ಮಾತ್ರ, "ನಿಮ್ಮಬ್ಬನಿಗೆ ಈ ಧೈರ್ಯ ಇದ್ದಿದ್ರೆ ನಾನೂ ಒಂದು ಈದ್‌ಗೆ ಹೊಸ ಬಟ್ಟೆ ಉಡ್ತಿದ್ನಲ್ಲೇ" ಎಂದರು. ಅಮ್ಮನ ಬಟ್ಟೆಯನ್ನು ಎಲ್ಲರಿಗಿಂತ ಮೊದಲು ಹೊಲಿದು ಮಡಿಸಿಟ್ಟಿದ್ದೇನೆ. ದಿನಾ ಒಂದು ಸಲ ತೆಗೆದು ನೋಡಿ ಮತ್ತೆ ಮಡಿಸಿಡುತ್ತಾರೆ. ಅಣ್ಣಾ, ನನ್ನ ಇಷ್ಟು ವರ್ಷದ ಹೊಲಿಗೆಗೆ ಸಿಕ್ಕ ದೊಡ್ಡ ಬಹುಮಾನ ಅದು.

ಈಗ ಬರುವುದು ಮುಖ್ಯ ಸಾಕ್ಷಿ. ಹೋದ ಶುಕ್ರವಾರ ಜುಮಾ ನಮಾಜಿಗೆ ಮುಂಚೆ ನಮ್ಮ ಇಮಾಮ್ ಸಾಹೇಬರು ಪ್ರವಚನ ಮಾಡಿದರು. ಮೈಕಿನಲ್ಲಿ ಹೇಳಿದ್ದು ಅಂಗಡಿಗೆ ಸ್ಪಷ್ಟವಾಗಿ ಕೇಳುತ್ತದೆ: ಯಾವ ಕೆಲಸವನ್ನೂ ಕೊನೆಯ ಹತ್ತು ದಿನಕ್ಕೆ ಉಳಿಸಿಕೊಳ್ಳಬೇಡಿ, ಆ ದಿನಗಳು ದೇವರಿಗೆ ಸೇರಿದವು. ನಾನು ಮಿಷನ್ ನಿಲ್ಲಿಸಿ ಕೇಳಿದೆ. ಅದೇ ಸಂಜೆ ಬಾಗಿಲಲ್ಲಿ ಇಮಾಮ್ ಸಾಹೇಬರು, ಕಂಕುಳಲ್ಲಿ ಬಟ್ಟೆಯ ಗಂಟು. ಬೋರ್ಡು ಓದಿದರು. ಕನ್ನಡಕ ಒರೆಸಿ ಇನ್ನೊಮ್ಮೆ ಓದಿದರು. "ಒಂದೇ ಒಂದು ಜುಬ್ಬಾ ಕಣಮ್ಮಾ." ನಾನು ತಲೆ ತಗ್ಗಿಸಿ, "ಹಜರತ್, ಮಧ್ಯಾಹ್ನ ತಾವು ಹೇಳಿದ್ದು ಇಲ್ಲಿವರೆಗೂ ಕೇಳಿಸ್ತು" ಎಂದೆ. ಒಳಗಿನಿಂದ ಅಮ್ಮ ಕೆಮ್ಮಿದರು, ಅದು ಕೆಮ್ಮಲ್ಲ, ನಗು. ಆಮೇಲೆ ಇಮಾಮ್ ಸಾಹೇಬರಿಗೇ ತಡೆಯಲಾಗಲಿಲ್ಲ. "ನನ್ನ ಮೈಕು ನನಗೇ ತಿರುಗಿ ಬಂತಲ್ಲಮ್ಮಾ!" ಎಂದು ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕರು. ಗಂಟನ್ನು ಮತ್ತೆ ಕಂಕುಳಿಗೆ ಸೇರಿಸಿಕೊಂಡು ಹೋದರು. ಇವತ್ತು ಜುಮಾದಲ್ಲಿ ಅದೇ ಮೈಕಿನಲ್ಲಿ, ಅಷ್ಟೂ ಜನರೆದುರು, "ಹೋದ ವಾರ ಹೇಳಿ ಹೋದ ವಾರವೇ ತಪ್ಪಿದವನು ನಾನು. ಟೇಲರಿಗೂ ರಂಜಾನ್ ಇದೆ, ಅವರನ್ನು ಕಾಡಬೇಡಿ. ಈ ಈದ್‌ಗೆ ನಾನು ಹಳೆಯ ಜುಬ್ಬಾದಲ್ಲೇ ನಿಲ್ಲುತ್ತೇನೆ" ಎಂದರು. ಆ ವಾಕ್ಯ ಕಿವಿಗೆ ಬಿದ್ದಾಗ ನಾನು ಬಾಬಿನ್ ಸುತ್ತುತ್ತಿದ್ದೆ. ದರೂದಿನ ಮಧ್ಯೆ ನಗು, ನಗುವಿನ ಮಧ್ಯೆ ದರೂದ್. ದಾರ ಉಕ್ಕಿ ಹೊರಗೆ ಬಂದರೂ ಸುತ್ತುತ್ತಲೇ ಇದ್ದೆ.

ಕೆಲಸ ಇಲ್ಲವೆಂದು ತಿಳಿಯಬೇಡ. ಒಪ್ಪಿಕೊಂಡದ್ದೇ ಗೋಡೆಯುದ್ದ ತೂಗುತ್ತಿದೆ. ಆದರೆ ಈಗ ಅದಕ್ಕೊಂದು ಲಯ ಬಂದಿದೆ. ಮಿಷನ್ ಕೆಲಸವೆಲ್ಲ ಬೆಳಿಗ್ಗೆ, ಮೈಯಲ್ಲಿ ಕಸುವಿರುವಾಗ. ಅಸರ್ ಆದ ಮೇಲೆ ಮಿಷನ್ನಿಗೆ ಬಟ್ಟೆ ಹೊದಿಸಿ, ಗುಂಡಿ, ಕಾಜ, ಅಂಚು, ಎಲ್ಲ ಕೈಹೊಲಿಗೆ. ಆಗ ಅಂಗಡಿ ಎಷ್ಟು ಮೌನವಾಗಿರುತ್ತದೆ ಎಂದು ನಮಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಅಮ್ಮ ಕಿಟಕಿಯ ಹತ್ತಿರ ಕೂತು ಕುರ್‌ಆನ್ ಓದುತ್ತಾರೆ, ನಾನು ಕೇಳುತ್ತಾ ಹೊಲಿಯುತ್ತೇನೆ. ಅವರ ಉಸಿರು ನಿಂತಲ್ಲಿ ನನ್ನ ಸೂಜಿಯೂ ನಿಲ್ಲುತ್ತದೆ. ಮುನಿಸಿಕೊಂಡಿದ್ದ ಬ್ಯಾಂಕಿನ ಮೇಡಂ ಒಂದು ಸಂಜೆ ಜಗಳ ಮುಂದುವರಿಸಲೆಂದು ಬಂದವರು, ಬಾಗಿಲಲ್ಲೇ ಚಪ್ಪಲಿ ಬಿಟ್ಟು ಸ್ಟೂಲಿನ ಮೇಲೆ ಕೂತು ಕೇಳಿದರು. ಈಗ ದಿನಾ ಬ್ಯಾಂಕ್ ಬಿಟ್ಟು ನೇರ ಇಲ್ಲಿಗೆ ಬರುತ್ತಾರೆ, ಹಣ್ಣು ಹೆಚ್ಚಿಕೊಡುತ್ತಾರೆ, ಇಫ್ತಾರ್ ನಮ್ಮ ಜೊತೆಯೇ. "ಈ ಸಲದ ಗುಂಡಿ ಒಂದೂ ಕಿತ್ತು ಬರಲ್ಲ, ನೋಡ್ತಿರು" ಎಂದು ಅಮ್ಮ ಅವರಿಗೆ ಭರವಸೆ ಕೊಟ್ಟಿದ್ದಾರೆ. ರಾತ್ರಿ ನಾವು ಮೂವರೂ ಆ ದೀಪದ ಕೆಳಗೆ ನಡೆದು ತರಾವೀಹ್‌ಗೆ ಹೋಗುತ್ತೇವೆ. ನನ್ನ ಕಾಲು ನೋಯುತ್ತದೆ, ಬೆನ್ನು ನೋಯುತ್ತದೆ, ಇಷ್ಟು ಸಂತೋಷ ನನಗೆ ಯಾವ ರಂಜಾನಿನಲ್ಲೂ ಆಗಿಲ್ಲ.

ಬೆಳಕು ಇಳಿಯುತ್ತಿದೆ, ಹಣ್ಣಿನ ತಟ್ಟೆ ಬಂತು, ನಿಲ್ಲಿಸುತ್ತೇನೆ. ಅಮ್ಮ ನಿಮ್ಮೆಲ್ಲರಿಗೂ ದುವಾ ಹೇಳುತ್ತಿದ್ದಾರೆ, ಚಿಕ್ಕವನ ಎರಡೂ ಅರ್ಧ ರೋಜಾಗಳನ್ನು ದೇವರು ಒಂದು ಪೂರ್ತಿಯಾಗಿ ಸ್ವೀಕರಿಸಲಿ ಎಂದು ವಿಶೇಷವಾಗಿ. ಅತ್ತಿಗೆಗೆ ನನ್ನ ಸಲಾಂ. ದೊಡ್ಡವಳ ಹಣೆಗೆ ಒಂದು ಮುತ್ತು. ನಿನ್ನ ಬೆನ್ನನ್ನು ಜೋಪಾನ ಮಾಡಿಕೋ.

ನಿನ್ನ ತಂಗಿ,
ಟೇಲರಮ್ಮ

ಮರೆತ ಮಾತು: ಪಾರ್ಸೆಲ್ಲಿನವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಅತ್ತಿಗೆ ತಮ್ಮದೂ ಮಕ್ಕಳದೂ ಬಟ್ಟೆಯನ್ನು ಶಾಬಾನಿನಲ್ಲೇ ಅಳತೆ ಬರೆದು ಕಳಿಸಿದ್ದರು, ಆಕೆಗೆ ಬುದ್ಧಿ ಇದೆ. ಅವು ಈ ಪಾರ್ಸೆಲ್ಲಿನಲ್ಲಿವೆ. ಹುಡುಕಬೇಡ, ನಿನ್ನದು ಇಲ್ಲ. ನಿನ್ನ ಬಿಳಿ ಬಟ್ಟೆ ಮೊನ್ನೆ ಬಂತು, ಈ ಸಲದ ಚೀಟಿ: "ಅಳತೆ ನಿನಗೆ ಗೊತ್ತೇ ಇದೆ." ಗೊತ್ತಿಲ್ಲ ಅಣ್ಣಾ. ನಿನ್ನ ಭುಜಕ್ಕೆ ಟೇಪು ಹಿಡಿದು ನಾಲ್ಕು ಈದ್ ಆಯಿತು. ಹೊಟ್ಟೆ ಎಷ್ಟು ಬಂದಿದೆ, ಭುಜ ಎಷ್ಟು ಬಾಗಿದೆ, ಸ್ಪೀಕರಿನಲ್ಲಿ ತಿಳಿಯುವುದಿಲ್ಲ. ಇಡೀ ಬೀದಿಯ ಅಳತೆ ಬಾಯಿಪಾಠ ಇರುವವಳಿಗೆ ಒಬ್ಬನೇ ಅಣ್ಣನ ಅಳತೆ ಗೊತ್ತಿಲ್ಲ. ಲೋಕಕ್ಕೆಲ್ಲ ಕೊನೆಯ ಹತ್ತು ದಿನ ರಜೆ ಹಾಕಿ ಎನ್ನುವವನು ನೀನೊಂದು ರಜೆ ಹಾಕು, ಎಲ್ಲರನ್ನೂ ಕರೆದುಕೊಂಡು ಬಾ. ಅಬ್ಬನ ಮಿಷನ್ನಿಗೆ ಎಣ್ಣೆ ಬಿಟ್ಟಿದ್ದೇನೆ. ಅಳತೆ ನಾನು ತೆಗೆಯುತ್ತೇನೆ, ತೋಳು ನೀನೇ ಕೂರಿಸು, ಈ ಸಲ ಗಟ್ಟಿ ಹೊಲಿಗೆ. ಅಮ್ಮ ಪ್ರತಿ ಸಂಜೆ ದಸ್ತರ್ಖಾನಿನಲ್ಲಿ ನಿನ್ನ ಫೋನಿಗೆಂದು ಒಂದು ತಟ್ಟೆಯಷ್ಟು ಜಾಗ ಬಿಡುತ್ತಾರೆ. ನೀನು ಕೂರಲು ಅಷ್ಟು ಸಾಲದು, ನಾವೆಲ್ಲ ಸರಿದು ಕೂರುತ್ತೇವೆ. ಆ ಸೀಸನ್ ಮಾತನ್ನು ಅಲ್ಲಿ ಕೂತೇ ವಾಪಸ್ ತಗೋ. ಇಮಾಮ್ ಸಾಹೇಬರು ತಗೊಂಡರು, ನೀನು ಅವರಿಗಿಂತ ದೊಡ್ಡವನೇ? ಬರುತ್ತೀಯೋ ಇಲ್ಲವೋ? ನನಗೊಬ್ಬಳಿಗೆ ಗುಟ್ಟಾಗಿ ಮೆಸೇಜ್ ಮಾಡಬೇಡ. ಈ ಪಾರ್ಸೆಲ್ ಬಿಚ್ಚಿದ ಸಂಜೆಯೇ ಇಫ್ತಾರಿನ ಹೊತ್ತಿಗೆ ಫೋನ್ ಮಾಡು. ಸ್ಪೀಕರ್ ಹಾಕಿರುತ್ತೇವೆ, ಅಮ್ಮ, ಚಿಕ್ಕಪ್ಪ, ಬ್ಯಾಂಕಿನ ಮೇಡಂ ಎಲ್ಲರೂ ಕೇಳುತ್ತಿರುತ್ತಾರೆ. ಎಲ್ಲರೆದುರು ಉತ್ತರ ಹೇಳು.