ಕೊನೆಯಲ್ಲಿ ಬರುವ ಹೆಸರು

ಅಕ್ಟೋಬರ್ 14, ಮಂಗಳವಾರ. ರಾತ್ರಿ ಹತ್ತೂವರೆ.

ಬೆಳಿಗ್ಗೆ ನನ್ನ ಗಂಡ ಗೇಬ್‌ಹಾರ್ಟ್‌ನ ಸಮಾಧಿಯ ಹೂಗಿಡಗಳಿಗೆ ನೀರು ಹಾಕಿ ಬಂದೆ. ಸಂಜೆ ಟಿವಿಯಲ್ಲಿ ಅವನು ನಟಿಸಿದ್ದ ಆ ಹಳೆಯ ಹಾಸ್ಯ ಧಾರಾವಾಹಿ, ಕಡಲತೀರದ ಹೋಟೆಲಿನದು, ಮತ್ತೆ ಬಂತು. ಅವನು ಹೋದಮೇಲೆ ಇದೇ ಮೊದಲು.

ಪಕ್ಕದ ಮನೆಯ ಇರ್ಮ್‌ಟ್ರೌಟ್ ಪ್ಲಮ್ ಕೇಕ್ ತಂದಿದ್ದಳು. ಗೇಬ್‌ಹಾರ್ಟ್ ಅತಿಥಿಗಳ ಪೆಟ್ಟಿಗೆಗಳ ಸಮೇತ ಮೆಟ್ಟಿಲಿನಿಂದ ಉರುಳಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗಲಿ, ಅವನು ಬಿದ್ದದ್ದೇ ಅದಕ್ಕೆ. ಕಥೆಯಲ್ಲಿ ಅವನಿಗೊಂದು ಹೆಸರೂ ಇರಲಿಲ್ಲ, ಬರೀ ಪೆಟ್ಟಿಗೆ ಹೊರುವವನು. ಅವನ ನಿಜವಾದ ಹೆಸರು ಬರುತ್ತಿದ್ದದ್ದು ಎಲ್ಲ ಮುಗಿದ ಮೇಲೆ, ನಟರ ಪಟ್ಟಿಯಲ್ಲಿ ಎಲ್ಲರ ಕೆಳಗೆ. ಅದು ಬರುವವರೆಗೆ ನಮ್ಮ ಮನೆಯಲ್ಲಿ ಯಾರೂ ಏಳುತ್ತಿರಲಿಲ್ಲ.

ಇವತ್ತು ಹೆಸರುಗಳು ಶುರುವಾಗುತ್ತಲೇ ಕತ್ತರಿಸಿ ಟೈರಿನ ಜಾಹೀರಾತು ಹಾಕಿದರು!

“ಬಿಡೇ, ಆ ಹೆಸರುಗಳನ್ನ ಯಾರು ಓದ್ತಾರೆ?” ಅಂದಳು ಇರ್ಮ್‌ಟ್ರೌಟ್.

“ನಾನು ಓದ್ತೀನಿ. ನಿನ್ನ ಗಂಡನ ಸಮಾಧಿಕಲ್ಲಿನ ಮೇಲೆ ಟೈರಿನ ಜಾಹೀರಾತು ಅಂಟಿಸಿದ್ರೆ ಸುಮ್ನಿರ್ತಿದ್ಯಾ?”

“ಅವ್ನಿಗೆ ಖುಷಿನೇ ಆಗ್ತಿತ್ತು ಕಣೇ. ಕಾರಂದ್ರೆ ಪ್ರಾಣ.”

ನನಗೆ ನಗು ಬರಲಿಲ್ಲ. ಆ ಮೆಟ್ಟಿಲಿನ ಮೇಲೆ ಅವನ ಪಕ್ಕೆಲುಬು ಮುರಿದಿತ್ತು. ಆ ನೋವನ್ನು ಇಟ್ಟುಕೊಂಡು ನಗಿಸಿದವನಿಗೆ ಕೊನೆಯಲ್ಲಿ ಒಂದು ಸಾಲು ಕೊಡಲು ಇವರಿಗೆ ಏನು ಕಷ್ಟ? ಒಂದೇ ಒಂದು ಸಾಲು, ಅದೂ ಎಲ್ಲರ ಕೆಳಗೆ.

ಫೋನ್ ನಂಬರ್ ಹುಡುಕಿಟ್ಟಿದ್ದೇನೆ. ಟಿವಿಯವರ ಕಚೇರಿ ನಾಳೆ ಒಂಬತ್ತಕ್ಕೆ ತೆರೆಯುತ್ತದೆ.